ಸರ್ ಸ್ಟಾಫರ್ಡ್ ನಾರ್ತ್‌ಕೋಟನ ಜೀವನ: ಒಂದು ವಿಮರ್ಶೆ

ಸರ್ ಸ್ಟಾಫರ್ಡ್ ನಾರ್ತ್‌ಕೋಟನ (1818–1887) ಜೀವನಚರಿತ್ರೆಯನ್ನು ಆಂಡ್ರೂ ಲ್ಯಾಂಗನು 1890ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಪತ್ರ, ದಿನಚರಿಗಳನ್ನು ಆಧರಿಸಿದ ಇಂತಹ ಗ್ರಂಥದಲ್ಲಿ ವ್ಯಕ್ತಿಯ ಶೀಲವು ಚೆನ್ನಾಗಿ ಬೆಳಗುತ್ತದೆ. ಆದರೆ ಆತನ ಲೇಖನಿಯಿಂದಾದ ಪರಿಣಾಮವನ್ನು ಸರಕಾರದ ಕಡತಗಳಲ್ಲಿಯೇ ಅರಸಬೇಕು.

ಡೆವನ್ ಪ್ರಾಂತದ ಹಳೆಯ ಭೂಮಾಲಿಕ ಮನೆತನಕ್ಕೆ ಸೇರಿದ ಈತನು ಕಾಮನ್ಸ್ ಸಭೆಯಲ್ಲಿ ಕನ್ಸರ್ವೆಟಿವ್ ಪಕ್ಷದ ನಾಯಕನಾಗಿ ದುರ್ಬಲನೆನಿಸಿಕೊಂಡನು. ತಾನು ಹಿಂದೊಮ್ಮೆ ಖಾಸಗಿ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದ್ದ ಗ್ಲಾಡ್‌ಸ್ಟನ್ನನನ್ನು ಉಗ್ರವಾಗಿ ಎದುರಿಸಲಿಲ್ಲವೆಂದು ರ್ಯಾಂಡಾಲ್ಫ್ ಚರ್ಚಿಲ್ ಮೊದಲಾದ ಸ್ವಪಕ್ಷೀಯರೇ ಹಳಿದರು. ಈ ಆರೋಪವು ನಿರಾಧಾರವಲ್ಲ. ಆದರೆ ಸಭೆಯ ವಾಗ್ಯುದ್ಧದಲ್ಲಿ ಸೋತವನನ್ನು ಇತಿಹಾಸದಲ್ಲಿಯೂ ಸೋತವನೆಂದೆಣಿಸುವುದು ಯುಕ್ತವೆ?

ಟ್ರೆವೆಲಿಯನ್ನನೊಡನೆ ಈತನು ಸಿದ್ಧಪಡಿಸಿ 1854ರಲ್ಲಿ ಪ್ರಕಟವಾದ ವರದಿಯು, ಸರಕಾರಿ ಹುದ್ದೆಗಳಿಗೆ ಶಿಫಾರಸಿನ ಬದಲು ಸ್ಪರ್ಧಾಪರೀಕ್ಷೆಯನ್ನು ವಿಧಿಸಬೇಕೆಂದಿತು. ಆ ಶಿಫಾರಸಿನ ಲಾಭವನ್ನು ಈತನ ವರ್ಗದವರೂ ಪಡೆಯುತ್ತಿದ್ದರೆಂಬುದನ್ನು ಮರೆಯಲಾಗದು. 1870ರಲ್ಲಿ ಈ ತತ್ತ್ವವು ಬಹುಪಾಲು ಇಲಾಖೆಗಳಿಗೆ ಅನ್ವಯವಾಯಿತು.

ಭಾರತಮಂತ್ರಿಯಾಗಿದ್ದಾಗ, 1867ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರನಿಗೆ ಪ್ರಾಪ್ತವಯಸ್ಸಿನಲ್ಲಿ ಮೈಸೂರನ್ನು ಒಪ್ಪಿಸುವ ನಿರ್ಣಯವನ್ನು ಈತನೇ ಕಳುಹಿಸಿದನು. ಇದು ಕೇವಲ ಔದಾರ್ಯವಲ್ಲ. ಬಾಲಕನ ಶಿಕ್ಷಣವು ಬ್ರಿಟಿಷರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕಾಗಿತ್ತು. ಆದರೂ 1831ರಲ್ಲಿ ಕೈತಪ್ಪಿದ್ದ ಆಡಳಿತವು 1881ರಲ್ಲಿ ರಾಜಮನೆತನಕ್ಕೆ ಮರಳಿದುದು ಈ ನಿರ್ಣಯದ ಫಲವೇ.

ಆದುದರಿಂದ ಭಾಷಣಕ್ಕಿಂತ ಬರಹದಲ್ಲಿ ಈತನ ಸಾಮರ್ಥ್ಯವು ಮಿಗಿಲಾಗಿತ್ತೆಂದು ನಾವು ಭಾವಿಸುತ್ತೇವೆ. ಲ್ಯಾಂಗನ ಗ್ರಂಥವನ್ನು ಓದುವ ವಿದ್ಯಾರ್ಥಿಗಳು ಈ ಎರಡು ದಾಖಲೆಗಳನ್ನೂ ಜೊತೆಗಿರಿಸಿಕೊಂಡು ಓದುವುದು ಮೇಲು.