ಕೈನೂಲಿನ ಏರುಪೇರು: ಒಂದು ಗುಣವಿಚಾರ

ಕೈಯಿಂದ ನೂತ ನೂಲು ಒಂದೇ ಸಮನಾಗಿರುವುದು ಅಪೂರ್ವ. ಇದನ್ನು ದೋಷವೆಂದು ತಳ್ಳುವವರುಂಟು. ಇದೇ ಅದರ ಸೊಬಗೆಂದು ಕೊಂಡಾಡುವವರೂ ಉಂಟು. ಈಚೆಗಂತೂ ದಪ್ಪ, ಸಣ್ಣ, ಗಂಟು, ಸುರುಳಿಗಳನ್ನು ಬೇಕೆಂದೇ ತಂದು ನೂಲುವ, ಆ ನೂಲಿನಿಂದಲೇ ಉಡುಪು ಹೆಣೆಯುವ ಕಲೆಯೊಂದು ಹಲವು ದೇಶಗಳಲ್ಲಿ ಬೆಳೆದಿದೆ. ಅಂಥ ನೂಲನ್ನು ಕಲಾನೂಲು ಎನ್ನಬಹುದು. ಮೇಲಿನ ಎರಡು ಅಭಿಪ್ರಾಯಗಳೂ ನೂಲುವವರ ಕರ್ತೃತ್ವವನ್ನು ಗಣನೆಗೆ ತಂದುಕೊಂಡಿಲ್ಲವೆಂಬುದು ನಮ್ಮ ಎಣಿಕೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಕಾಣಬರುವ ಉಣ್ಣೆಯ ಕೆಲಸವನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುಧರ್ಮವನ್ನು ನೋಡೋಣ. ಏರುಪೇರಾದ ನೂಲಿನಲ್ಲಿ ಹುರಿಯು ಸಣ್ಣ ಭಾಗದ ಕಡೆಗೇ ಓಡುತ್ತದೆ. ದಪ್ಪ ಭಾಗವು ಸಾಕಷ್ಟು ಹುರಿಯಿಲ್ಲದೆ ಸಡಿಲವಾಗಿ ಉಳಿಯುತ್ತದೆ. ಆದುದರಿಂದ ಕಣ್ಣಿಗೆ ಪುಷ್ಟವಾಗಿ ತೋರುವ ಎಡೆಯೇ ಉಜ್ಜಿದಾಗ ಬೇಗನೆ ಜೂಲೇಳುತ್ತದೆ. ಒಂಟಿ ಎಳೆಗೆ ಹುರಿ ಮಿತಿಮೀರಿದರೆ ಸಾದಾ ಹೆಣಿಗೆಯ ಬಟ್ಟೆ ಓರೆಯಾಗಿ ವಾಲುತ್ತದೆ. ಎರಡು ಎಳೆಗಳನ್ನು ಕೂಡಿಸಿ, ನೂತ ದಿಕ್ಕಿಗೆ ಎದುರಾಗಿ ಹೊಸೆದರೆ ಆ ಸೆಳೆತ ಸಮಗೊಳ್ಳುತ್ತದೆ. ನೇಯ್ಗೆಯಲ್ಲಿ ಹಾಸುಹೊಕ್ಕುಗಳು ಒಂದನ್ನೊಂದು ಬಿಗಿಹಿಡಿಯುವುವು. ಹೆಣಿಗೆಯಲ್ಲಾದರೋ ಒಂದೇ ನೂಲಿನ ಕುಣಿಕೆಗಳು ಒಂದರೊಳಗೊಂದು ತೂಗುತ್ತಿರುವುವು. ಅಲ್ಲಿ ನೂಲಿನ ಗುಣವೂ ಮರೆಯಾಗದು, ದೋಷವೂ ಮರೆಯಾಗದು.

ಕನ್ನಡನಾಡಿನ ಕುರುಬರ ಕಂಬಳಿಯನ್ನು ಈ ದೃಷ್ಟಿಯಿಂದ ನೋಡತಕ್ಕದ್ದು. ಸಾಮಾನ್ಯವಾಗಿ ಹೆಂಗಸರು ನೂಲುವರು, ಗಂಡಸರು ನೇಯುವರು. ದಕ್ಖನಿನ ಕುರಿಯ ಉಣ್ಣೆ ಒರಟು. ಅದರ ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಲ ತರುವರು. ನೂಲಿನಲ್ಲಿ ಏರುಪೇರುಂಟು, ನಿಜ. ಆದರೆ ಅದು ಮೆರೆಯಲೆಂದು ಇಟ್ಟುದಲ್ಲ. ಮಳೆಯಲ್ಲಿ ಕೊಪ್ಪೆಯಾಗಿ, ಮನೆಯಲ್ಲಿ ಹಾಸಿಗೆಯಾಗಿ, ಪೂಜೆಯಲ್ಲಿ ಗದ್ದುಗೆಯಾಗಿ ಬಾಳಬೇಕಾದ ವಸ್ತುವಿಗೆ ಎಷ್ಟು ಸಮತೆ ಬೇಕೋ ಅಷ್ಟನ್ನು ಕೈಯೇ ಅರಿತು ಕೊಟ್ಟಿರುತ್ತದೆ. ಹುಣಸೂರಿನಲ್ಲಿ ಹಿಂದೆ ಸರ್ಕಾರದ ಚರ್ಮದ ಕಾರ್ಖಾನೆಯೊಡನೆ ಕಂಬಳಿಯ ಕಾರ್ಖಾನೆಯೂ ಇದ್ದು, 1864ರಲ್ಲಿ ಅವನ್ನು ನಿಲ್ಲಿಸಲಾಯಿತು. ಮನೆಬಳಕೆಯ ಕಂಬಳಿಗೂ ಕಾರ್ಖಾನೆಯ ಕಂಬಳಿಗೂ ಅಳತೆಗೋಲು ಒಂದೇ ಆಗಲಾರದು.

ಇನ್ನು ಖಾದಿ. ಹೆಗ್ಗಡದೇವನಕೋಟೆಗೆ ನೆರೆಯದಾದ ನಂಜನಗೂಡು ತಾಲ್ಲೂಕಿನ ಬದನವಾಳು, 1920ರ ದಶಕದಿಂದ ಖಾದಿಗೆ ಹೆಸರಾದ ಊರು. ಕೈನೂಲಿನ ಒರಟುತನವನ್ನೇ ಖಾದಿಯ ಆದರ್ಶವೆಂದು ಭಾವಿಸುವವರು ಒಂದನ್ನು ಮರೆಯುತ್ತಾರೆ: ಆ ಚಳವಳಿಯು ನೂಲುವವರಿಂದ ಬಯಸಿದುದು ಸಮತೆಯನ್ನು ಮತ್ತು ಗಟ್ಟಿತನವನ್ನು. ಅಲ್ಲಿ ಏರುಪೇರು ತಿದ್ದಿಕೊಳ್ಳಬೇಕಾದ ದೋಷವೇ ಆಗಿತ್ತು.

ಇದಕ್ಕೆ ಬೇರೆಯಾದ ನಿದರ್ಶನ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ದೊರೆಯುತ್ತದೆ. 1960ರ ದಶಕದ ಆದಿಯಲ್ಲಿ ಅಲ್ಲಿಯೂ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ನೆಲೆಸಿದ ಟಿಬೆಟ್ಟಿನ ನಿರಾಶ್ರಿತರು ತಮ್ಮ ರತ್ನಗಂಬಳಿಯ ಕಸುಬನ್ನು ಜೊತೆಗೆ ತಂದರು. ಟಿಬೆಟ್ಟಿನ ಪದ್ಧತಿಯಲ್ಲಿ ನೂಲನ್ನು ಸರಳಿನ ಮೇಲೆ ಸುತ್ತುತ್ತ ಹಾಸಿನ ಎಳೆಗಳಿಗೆ ಸಿಕ್ಕಿಸಿ, ಸಾಲು ಮುಗಿದಮೇಲೆ ಕುಣಿಕೆಗಳನ್ನು ಕತ್ತರಿಸುವರು. ಕೈನೂಲು ಬಣ್ಣವನ್ನು ಎಲ್ಲೆಡೆಯಲ್ಲಿಯೂ ಒಂದೇ ಪ್ರಮಾಣದಲ್ಲಿ ಹೀರದು. ಆದುದರಿಂದ ಒಂದು ನೀಲಿಯೊಳಗೇ ಹಲವು ನೀಲಿಗಳು ಮೂಡುವುವು. ಭಾರವನ್ನು ಹೊರುವುದು ಹಾಸುಹೊಕ್ಕು. ಮೇಲಿನ ಉಣ್ಣೆಯ ಏರುಪೇರಿನಿಂದ ಬಟ್ಟೆಗೆ ಕೇಡಿಲ್ಲ. ಇಲ್ಲಿ ಏರುಪೇರು ಗುಣವೇ ಸರಿ. ಆದರೆ ಅದೇ ನೂಲನ್ನು ಸ್ವೆಟರಿನ ಮೊಣಕೈಗೆ ಹೆಣೆದರೆ ಸವೆತ ಅಲ್ಲಿಂದಲೇ ಮೊದಲಾದೀತು. ಚಳಿಗಾಲದಲ್ಲಿ ಟಿಬೆಟ್ಟಿನವರು ಊರೂರುಗಳಲ್ಲಿ ಮಾರುವ ಸ್ವೆಟರುಗಳಾದರೋ ಹೆಚ್ಚಾಗಿ ಲೂಧಿಯಾನದ ಯಂತ್ರದ ಹೆಣಿಗೆಯವು. ಹೀಗೆ ರತ್ನಗಂಬಳಿ, ಸ್ವೆಟರು ಎರಡೂ ಒಂದೇ ಜನರ ಜೀವನೋಪಾಯವಾಗಿದ್ದರೂ ಅವುಗಳ ನೂಲಿನ ಧರ್ಮ ಬೇರೆ ಬೇರೆ.

ಈ ನಿದರ್ಶನಗಳಿಂದ ತಿಳಿದುಬರುವುದಿಷ್ಟು: ಏರುಪೇರು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಅದು ಕೈಗೆಲಸದ ಕುರುಹೂ ಅಲ್ಲ; ದಪ್ಪಸಣ್ಣದ ನೂಲನ್ನು ಇಂದು ಗಿರಣಿಗಳೂ ತಯಾರಿಸಬಲ್ಲವು. ಕಲಾನೂಲಿನ ಹೆಣಿಗೆಯನ್ನು ವಿಮರ್ಶಿಸುವಾಗ ಕೇಳಬೇಕಾದುದು, ಈ ದಪ್ಪವನ್ನು ಇಲ್ಲಿ ಯಾರು, ಏತಕ್ಕೆ ಇಟ್ಟರು ಎಂಬುದು. ಸಾದಾ ಹೆಣಿಗೆಯಲ್ಲಿ, ದಪ್ಪ ಕಡ್ಡಿಗಳಿಂದ ಹೆಣೆದ ಶಾಲಿನಲ್ಲಿ ಅದು ಮಾತನಾಡುತ್ತದೆ. ಸೂಕ್ಷ್ಮವಾದ ಜಾಲರಿಯ ಹೆಣಿಗೆಯಲ್ಲಿ ನೂಲೂ ವಿನ್ಯಾಸವೂ ಒಂದನ್ನೊಂದು ಕೆಡಿಸುವುವು. ಹೆಣೆಯುವವರ ಬುದ್ಧಿ ಎಷ್ಟು ಮುಖ್ಯವೋ ನೂಲುವವರ ನಿರ್ಧಾರವೂ ಅಷ್ಟೇ ಮುಖ್ಯ.

ನಮ್ಮ ಸಾಹಿತ್ಯಕ್ಕೆ ಇದು ಹೊಸ ಮಾತೇನಲ್ಲ. ನೂಲುವ ಕಾಯಕದ ಶರಣೆ ಕದಿರ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಅಂಗಾಂಗಗಳನ್ನು ವರ್ಣಿಸುವ ವಚನದಲ್ಲಿ ಕದಿರಿಗೆ ಅರಿವಿನ ಸ್ಥಾನವನ್ನೂ, ತಿರುಗಿಸುವ ಕೈಗೆ ಭಕ್ತಿಯ ಸಂಬಂಧವನ್ನೂ ಕಲ್ಪಿಸಿದ್ದಾಳೆ. ಅಲ್ಲಿಯ ಅರ್ಥ ಆಧ್ಯಾತ್ಮಿಕವೆಂಬುದು ನಿಸ್ಸಂದೇಹ. ಆದರೂ ನೂಲು ಆಕಸ್ಮಿಕವಾಗಿ ಹುಟ್ಟುವ ವಸ್ತುವಲ್ಲ, ಅರಿವಿನ ಸುತ್ತ ಸುತ್ತಿಕೊಳ್ಳುವ ವಸ್ತು ಎಂಬುದನ್ನು ಕಸುಬಿನವಳಲ್ಲದೆ ಬೇರೆಯವರು ಅಷ್ಟು ಸಹಜವಾಗಿ ಹೇಳಲಾರರು.

ಬಟ್ಟೆಯನ್ನು ಹೊಗಳುವಾಗ ನೇಯ್ದವನನ್ನು, ಸ್ವೆಟರನ್ನು ಹೊಗಳುವಾಗ ಹೆಣೆದವಳನ್ನು ನೆನೆಯುವುದು ರೂಢಿ. ನೂತವಳ ಹೆಸರು ಎಲ್ಲಿಯೂ ಬಾರದು. ಅವಳ ನೂಲಿನ ಏರುಪೇರನ್ನು ಕೇವಲ ಮುಗ್ಧ ಸೌಂದರ್ಯವೆಂದು ಕೊಂಡಾಡಿದರೆ, ನಾವು ಹೊಗಳಿದುದು ಆಕಸ್ಮಿಕವನ್ನೇ ಹೊರತು ಅವಳನ್ನಲ್ಲ. ಆಕಸ್ಮಿಕಕ್ಕೆ ಯಾರೂ ಕೂಲಿ ಕೊಡರು. ಅವಳ ತಪ್ಪನ್ನು ತಪ್ಪೆಂದೂ, ಅವಳ ಆಯ್ಕೆಯನ್ನು ಆಯ್ಕೆಯೆಂದೂ ಬೇರ್ಪಡಿಸಿ ಹೇಳಬಲ್ಲ ವಿಮರ್ಶೆಯೇ ಅವಳಿಗೆ ಸಲ್ಲಬೇಕಾದ ಗೌರವ.