ಅಶೋಕನಗರದಲ್ಲಿ ಕಿವಿ, ಕಂಠೀರವದಲ್ಲಿ ಕಣ್ಣು

ಟಿವಿಯಲ್ಲಿ ಫುಟ್‌ಬಾಲ್ ನೋಡಿ ಪಳಗಿದವರು ಮೊದಲ ಸಲ ಮೈದಾನಕ್ಕೆ ಬಂದಾಗ ಹತ್ತು ನಿಮಿಷ ಕಂಗಾಲಾಗುತ್ತಾರೆ. ಯಾರು ಯಾರಿಗೆ ಪಾಸ್ ಕೊಟ್ಟರೋ ತಿಳಿಯುವುದಿಲ್ಲ. ವೀಕ್ಷಕ ವಿವರಣೆ ಇಲ್ಲ. ಗೋಲು ತಪ್ಪಿಸಿಕೊಂಡರೆ ಮತ್ತೊಮ್ಮೆ ತೋರಿಸುವವರೂ ಇಲ್ಲ. ಮನೆಯಲ್ಲಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿರುತ್ತದೆ, ನಾವು ಕ್ಯಾಮೆರಾದ ಬೆನ್ನು ಹತ್ತಿರುತ್ತೇವೆ. ಮೈದಾನದಲ್ಲಿ ಎತ್ತ ನೋಡಬೇಕೆಂದು ನಾವೇ ತೀರ್ಮಾನಿಸಬೇಕು, ಆ ತೀರ್ಮಾನದಲ್ಲಿ ಅರ್ಧ ಪಾಲು ನಾವು ಕೂತ ಜಾಗದ್ದು. ಅದಕ್ಕೇ ಫುಟ್‌ಬಾಲ್ ರಸಿಕರಾಗಲು ಹೊರಟವರು ಆಟಗಾರರ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಮೈದಾನ ಓದುವುದನ್ನು ಕಲಿಯಬೇಕು ಅನ್ನುತ್ತೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್, ಕ್ರಿಕೆಟ್‌ಗೆ ಬರವಿಲ್ಲ. ಫುಟ್‌ಬಾಲ್ ಮಾತ್ರ ದಸರಾ ಕ್ರೀಡಾಕೂಟದಲ್ಲೋ ಕಾಲೇಜು ಪಂದ್ಯಗಳಲ್ಲೋ ಮುಖ ತೋರಿಸಿ ಹೋಗುವ ಆಟ. ಆದರೆ ಓದಿಗೆ, ಕಟ್ಟಡದ ಕೆಲಸಕ್ಕೆ, ಆಫೀಸಿನ ನೌಕರಿಗೆ ನಮ್ಮ ಹುಡುಗ ಹುಡುಗಿಯರು ಬೆಂಗಳೂರು ಸೇರುತ್ತಲೇ ಇದ್ದಾರೆ. ಅಲ್ಲಿ ಅವರಿಗೆ ಎರಡು ಪಾಠಶಾಲೆಗಳಿವೆ. ಒಂದು, ಅಶೋಕನಗರದ ಹಳೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಇನ್ನೊಂದು, ಕಬ್ಬನ್ ಉದ್ಯಾನದ ಬಗಲಿನ ಕಂಠೀರವ ಕ್ರೀಡಾಂಗಣ. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ನಡಿಗೆ. ಯಾವುದು ಹೆಚ್ಚು ಎಂಬ ವಾದ ಬೆಂಗಳೂರು ಎಫ್‌ಸಿ ಅಭಿಮಾನಿಗಳಲ್ಲಿ ಹತ್ತು ವರ್ಷವಾದರೂ ಮುಗಿದಿಲ್ಲ. ಆ ವಾದದ ಒಳಹೊಕ್ಕರೆ ಆಟ ನೋಡುವ ವಿದ್ಯೆಯೇ ಕೈಗೆ ಸಿಗುತ್ತದೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಅದೇ ವರ್ಷದ ಸೆಪ್ಟೆಂಬರ್ 22ರಂದು ಅಶೋಕನಗರದಲ್ಲಿ ಮೋಹನ್ ಬಾಗನ್ ವಿರುದ್ಧ ಮೊದಲ ಐ-ಲೀಗ್ ಪಂದ್ಯ, 1-1 ಸಮ. ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ. ಮೊದಲ ವರ್ಷವೇ ಲೀಗ್ ಗೆದ್ದರು. ಎಂಟು ಸಾವಿರದಷ್ಟು ಜನ ಹಿಡಿಯುವ ಆ ಮೈದಾನದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದವರು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಮರುವರ್ಷ ತಂಡ ಕಂಠೀರವಕ್ಕೆ ಹೋಯಿತು, ಹೆಸರೂ ಜೊತೆಗೆ ಹೋಯಿತು. ಒಂದು ಸಿಮೆಂಟ್ ಗ್ಯಾಲರಿಯ ಹೆಸರು ಅದನ್ನು ಬಿಟ್ಟು ಬಂದ ಜನರ ಹೆಸರಾಗಿ ಉಳಿದಿದೆಯೆಂದರೆ ಆ ಜಾಗದ ಮೇಲೆ ಅವರಿಗಿದ್ದ ಮಮತೆ ಎಷ್ಟೆಂದು ಊಹಿಸಬಹುದು.

ಈ ಮಮತೆಯ ಬೇರುಗಳೂ ಆಳವಾಗಿವೆ. ಬೆಂಗಳೂರಿನ ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳಲ್ಲಿ ಫುಟ್‌ಬಾಲ್ ಮನೆತನದ ಆಸ್ತಿಯಂತೆ ತಂದೆಯಿಂದ ಮಕ್ಕಳಿಗೆ ಬಂದದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹ್ಮದ್ ಖಾನ್ ಇಬ್ಬರೂ ಈ ಊರಿನ ಆಟಗಾರರು. ಮೈಸೂರು ರಾಜ್ಯದ (ಇಂದಿನ ಕರ್ನಾಟಕದ) ತಂಡ 1968-69ರ ಹೊತ್ತಿಗೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳ ಪಂದ್ಯ ನೋಡಲು ಪಾಳಿ ಮುಗಿಸಿ ಓಡಿ ಬರುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ಅಂಥವರ ಪಕ್ಕ ಕೂರುವ ಯೋಗ ಸಿಕ್ಕರೆ ಬಿಡಬೇಡಿ. ಆಟದ ನಡುವೆ ಅವರು ಆಡುವ ಎರಡು ಮಾತು ಟಿವಿಯ ಒಂದು ಗಂಟೆಯ ವಿಶ್ಲೇಷಣೆಗಿಂತ ಬೆಲೆಯುಳ್ಳದ್ದು.

ಅಶೋಕನಗರದಿಂದಲೇ ಶುರುಮಾಡಿ. ಅಲ್ಲಿ ಈಗಲೂ ಸ್ಥಳೀಯ ಲೀಗ್ ಪಂದ್ಯಗಳು ನಡೆಯುತ್ತವೆ, ಗದ್ದಲ ಕಡಿಮೆ, ಕಲಿಯುವವರಿಗೆ ಅದೇ ಅನುಕೂಲ. ಗೆರೆಗೆ ಆದಷ್ಟು ಹತ್ತಿರ ಕೂತು ಮೊದಲು ಕಿವಿ ತೆರೆಯಿರಿ. ಕಾಲಿನ ಒಳಬದಿಯಿಂದ ತಳ್ಳಿದ ಪಾಸಿನ ಸದ್ದು ಮಂದ. ಪಾದದ ಮೇಲ್ಭಾಗದಿಂದ ಬಾರಿಸಿದ್ದು ಚಟ್ಟೆಂದು ಕೇಳುತ್ತದೆ. ಎದೆಯಲ್ಲಿ ತಡೆದದ್ದು, ತಲೆಯಲ್ಲಿ ಹೊಡೆದದ್ದು, ಗೋಲ್‌ಕೀಪರ್ ಅಂಗೈಯಲ್ಲಿ ಹಿಡಿದದ್ದು ಒಂದೊಂದೂ ಬೇರೆ. ಸ್ವಲ್ಪ ಹೊತ್ತಿಗೆ ಚೆಂಡು ಸರಿಯಾಗಿ ತಾಗಿತೋ ಇಲ್ಲವೋ ಎಂಬುದು ಅದು ಎತ್ತ ಹೋಯಿತೆಂದು ನೋಡುವ ಮೊದಲೇ ಗೊತ್ತಾಗತೊಡಗುತ್ತದೆ.

ಆಮೇಲೆ ಆಟಗಾರರ ಮಾತು. ಪಾಸ್ ಪಡೆಯುವವನ ಬೆನ್ನಿಗೆ ಎದುರಾಳಿ ಬರುತ್ತಿದ್ದರೆ ಸಂಗಡಿಗರು ‘ಮ್ಯಾನ್ ಆನ್’ ಎಂದು ಕೂಗುತ್ತಾರೆ. ಹಿಂದೆ ಯಾರೂ ಇಲ್ಲದಿದ್ದರೆ ‘ಟರ್ನ್’ ಅನ್ನುತ್ತಾರೆ. ಆ ಒಂದು ಪದದ ಮೇಲೆ ಅವನು ಚೆಂಡನ್ನು ಬಂದ ದಾರಿಗೇ ವಾಪಸ್ ಕೊಡುತ್ತಾನೆ, ಇಲ್ಲವೇ ತಿರುಗಿ ಮುನ್ನುಗ್ಗುತ್ತಾನೆ. ಕನ್ನಡ, ತಮಿಳು, ಇಂಗ್ಲಿಷ್ ಬೆರೆತ ಈ ಕೂಗುಗಳು ಚೆಂಡಿಗಿಂತ ಒಂದು ಕ್ಷಣ ಮುಂದೆ ಓಡುತ್ತಿರುತ್ತವೆ. ಗೋಲ್‌ಕೀಪರನ ಗಂಟಲನ್ನು ವಿಶೇಷವಾಗಿ ಗಮನಿಸಿ: ಇಡೀ ಮೈದಾನ ಕಣ್ಣ ಮುಂದೆ ಇರುವುದು ಅವನೊಬ್ಬನಿಗೇ, ಎಡಕ್ಕೆ ಸರಿ, ಮೇಲೆ ಹೋಗು, ಅವನನ್ನು ಹಿಡಿ ಎಂದು ಅವನು ಪಂದ್ಯವಿಡೀ ಹೇಳುತ್ತಲೇ ಇರುತ್ತಾನೆ. ಮಾತು ನಿಂತ ತಂಡ ಸ್ವಲ್ಪ ಹೊತ್ತಿನಲ್ಲಿ ಗೋಲು ಬಿಟ್ಟುಕೊಡುವುದನ್ನು ನೀವೇ ಕಾಣುತ್ತೀರಿ. ಟಿವಿಯಲ್ಲಿ ಇದಾವುದೂ ಇಲ್ಲ.

ಊರ ಬಯಲಲ್ಲಿ ಕಬಡ್ಡಿ ಅಂಕಣದ ಗೆರೆಗೆ ಕಾಲು ತಾಗಿಸಿ ನಿಂತು, ರೈಡರನ ಏದುಸಿರು ಕೇಳುತ್ತ ಆಟ ನೋಡಿದ ನಮ್ಮವರಿಗೆ ಈ ಹತ್ತಿರದ ಸುಖ ಹೊಸದಲ್ಲ. ಫುಟ್‌ಬಾಲಿನಲ್ಲೂ ಅದು ಸಿಗುತ್ತದೆಂದು ತಿಳಿಯಬೇಕಷ್ಟೆ.

ಹಾಗಾದರೆ ಕಂಠೀರವದಲ್ಲಿ ಅದೇಕೆ ಸಿಗುವುದಿಲ್ಲ? ಅಲ್ಲಿ ಫುಟ್‌ಬಾಲ್ ಅಂಕಣದ ಸುತ್ತ ಓಟದ ಪಥವಿದೆ. ಲೆಕ್ಕ ಹಾಕಿ ನೋಡೋಣ. ನಿಯಮದ ಪ್ರಕಾರ ಕಟ್ಟಿದ 400 ಮೀಟರ್ ಓಟದ ಪಥಕ್ಕೆ ಎಂಟು ಓಣಿಗಳು, ಒಂದೊಂದು 1.22 ಮೀಟರ್, ಒಟ್ಟು ಹತ್ತು ಮೀಟರಿಗೆ ತುಸು ಕಡಿಮೆ. ನೇರ ಬದಿಗಳಲ್ಲಿ ಕೂತವರಿಗೂ ಆಟದ ಗೆರೆಗೂ ನಡುವೆ ಆ ಓಣಿಗಳು, ಅವುಗಳ ಆಚೀಚೆಯ ಅಂಚು ಸೇರಿ ಹನ್ನೆರಡು ಮೀಟರಾದರೂ ಅಂತರ. ಗೋಲಿನ ಹಿಂದಿನ ಕಥೆ ಇನ್ನೂ ಕಷ್ಟದ್ದು. ಪಥದ ಒಳಗಿನ ಅಂಡಾಕಾರದ ಉದ್ದ ಸುಮಾರು 157 ಮೀಟರ್, ಫುಟ್‌ಬಾಲ್ ಅಂಕಣದ ಉದ್ದ 105. ಉಳಿದದ್ದನ್ನು ಎರಡು ತುದಿಗೆ ಹಂಚಿದರೆ ಒಂದೊಂದು ಕಡೆ 26 ಮೀಟರ್, ಅದರ ಮೇಲೆ ಓಣಿಗಳ ಹತ್ತು. ಗೋಲಿನ ಹಿಂದೆ ಮೊದಲ ಸಾಲಿನಲ್ಲಿ ಕೂತವರಿಗೂ ಬಲೆ ಸುಮಾರು 36 ಮೀಟರ್ ದೂರ. ಸದ್ದು ಸೆಕೆಂಡಿಗೆ 340 ಮೀಟರ್ ಸಾಗುತ್ತದೆ. ನೂರು ಮೀಟರ್ ಆಚೆಯ ಗ್ಯಾಲರಿಯ ಚಪ್ಪಾಳೆ ನಮ್ಮ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿರುತ್ತದೆ. ಎರಡು ಬದಿಯವರು ಒಂದೇ ಹಾಡು ಹಾಡಿದರೂ ತಾಳ ತಪ್ಪಿದಂತೆ ಕೇಳುವುದು ಇದರಿಂದಲೇ. ಹಳೆಯ ಮೈದಾನದ ಅಭಿಮಾನಿಗಳು ‘ಅಲ್ಲಿನ ಕಾವು ಇಲ್ಲಿಲ್ಲ’ ಎಂದು ಕೊರಗುವುದರಲ್ಲಿ ಬರಿಯ ನೆನಪಿನ ಮೋಹವಿಲ್ಲ, ಅಳತೆಗೋಲಿಗೆ ಸಿಗುವ ಸತ್ಯವೂ ಇದೆ.

ಈ ನೋವು ಬೆಂಗಳೂರಿನದಷ್ಟೇ ಅಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ 1904ರಿಂದ ಆಡಿದ ಅಪ್ಟನ್ ಪಾರ್ಕ್ ಬಿಟ್ಟು 2016ರಲ್ಲಿ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿನ ಅಭಿಮಾನಿಗಳೂ ದೂರವನ್ನೇ ದೂರುತ್ತಾರೆ. ಇಟಲಿಯ ಯುವೆಂಟಸ್ ಕ್ಲಬ್ಬಿನದು ಇದಕ್ಕೆ ತದ್ವಿರುದ್ಧ. ಓಟದ ಪಥವಿದ್ದ ಭಾರಿ ಡೆಲ್ಲೆ ಆಲ್ಪಿಯನ್ನು ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ ಪಥವಿಲ್ಲದ, ಸುಮಾರು 41,000 ಆಸನಗಳ ಚಿಕ್ಕ ಕ್ರೀಡಾಂಗಣ ಕಟ್ಟಿಕೊಂಡರು. ಹತ್ತಿರಕ್ಕಾಗಿ ಸಾವಿರಾರು ಟಿಕೆಟ್ ಬಿಟ್ಟುಕೊಟ್ಟ ಆ ನಿರ್ಧಾರವನ್ನು ನಾನು ತುಂಬ ಗೌರವಿಸುತ್ತೇನೆ.

ಆದರೂ ಕಂಠೀರವದ ಪಥವನ್ನು ಶಪಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಅದು ಅಥ್ಲೀಟ್‌ಗಳ ಮನೆ. 1997ರಲ್ಲಿ, ಕೊಪ್ಪಳ ಜಿಲ್ಲೆಯಾದ ವರ್ಷವೇ, ರಾಷ್ಟ್ರೀಯ ಕ್ರೀಡಾಕೂಟಕ್ಕೆ ತೆರೆದುಕೊಂಡ ಕ್ರೀಡಾಂಗಣ ಅದು. 2025ರ ಜುಲೈ 5ರಂದು ನೀರಜ್ ಚೋಪ್ರಾ ಅಲ್ಲಿ 86.18 ಮೀಟರ್ ಜಾವೆಲಿನ್ ಎಸೆದು ಗೆದ್ದಾಗ ಅಲ್ಲಿಗೆ ಫುಟ್‌ಬಾಲ್ ಅಂಕಣ ಯಾಕೆ ಬೇಕೆಂದು ಅವರ ಅಭಿಮಾನಿಗಳೂ ಕೇಳಬಹುದಿತ್ತು. ಒಂದೇ ಮನೆಯಲ್ಲಿ ಎರಡು ಸಂಸಾರ ನಡೆಸುವಾಗ ಇಕ್ಕಟ್ಟು ಇದ್ದದ್ದೇ.

ಮತ್ತೆ, ದೂರವೂ ಒಂದು ಪಾಠ ಕಲಿಸುತ್ತದೆ. ಕಂಠೀರವದಲ್ಲಿ ಗೋಲಿನ ಹಿಂದೆ ಕೂರಬೇಡಿ. ಉದ್ದ ಬದಿಯಲ್ಲಿ, ಆದಷ್ಟು ಮೇಲಿನ ಸಾಲು ಹಿಡಿಯಿರಿ. ಈಗ ಚೆಂಡು ಬಿಟ್ಟು ಹಿಂದಿನ ನಾಲ್ವರು ರಕ್ಷಕರನ್ನು ನೋಡಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರು ಹೇಗೆ ಪಕ್ಕದವರ ಹೆಜ್ಜೆ ನೋಡಿ ಹೆಜ್ಜೆ ಹಾಕುತ್ತಾರೋ ಹಾಗೆ ಈ ನಾಲ್ವರೂ ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಸರಿಯಬೇಕು. ಒಬ್ಬ ಎರಡು ಹೆಜ್ಜೆ ಹಿಂದುಳಿದರೆ ಎದುರಾಳಿ ಸ್ಟ್ರೈಕರ್‌ಗೆ ಆಫ್‌ಸೈಡ್ ಭಯ ತಪ್ಪಿ ಬಾಗಿಲು ತೆರೆಯುತ್ತದೆ. ಚೆಂಡು ಎಡಗಡೆ ಇದ್ದಾಗ ಬಲಬದಿಯ ರಕ್ಷಕ ಗೆರೆ ಬಿಟ್ಟು ನಡುವಿಗೆ ಬರುತ್ತಾನೆ, ಅವನು ಬಿಟ್ಟು ಬಂದ ಖಾಲಿ ಜಾಗಕ್ಕೆ ಎದುರಾಳಿಯೊಬ್ಬ ಸದ್ದಿಲ್ಲದೆ ಸರಿದುಕೊಂಡಿರುತ್ತಾನೆ. ಚೆಂಡು ಈ ಬದಿಯಿಂದ ಆ ಬದಿಗೆ ಉದ್ದಕ್ಕೆ ಹಾರಿದಾಗ ಟಿವಿಯವರಿಗೆ ಅದು ದಿಢೀರ್ ದಾಳಿ, ಮೇಲಿನ ಸಾಲಿನಲ್ಲಿ ಕೂತ ನಿಮಗೆ ಅರ್ಧ ನಿಮಿಷದಿಂದ ಕಾಯುತ್ತಿದ್ದ ಸುದ್ದಿ. ಗೆರೆಗೆ ಅಂಟಿ ಕೂತಾಗ ಇದು ಕಾಣುವುದಿಲ್ಲ, ಅಲ್ಲಿ ಆಚೆ ಬದಿಯವರೆಲ್ಲ ಒಬ್ಬರ ಮೇಲೊಬ್ಬರು ಕವಿದಂತೆ ಕಾಣುತ್ತಾರೆ.

ಪಥ ದಾಟಿ ಜನರ ಕೂಗು ಆಟಗಾರರನ್ನು ಮುಟ್ಟಿದ ರಾತ್ರಿಗಳೂ ಕಂಠೀರವದ ಲೆಕ್ಕದಲ್ಲಿವೆ. 2016ರ ಅಕ್ಟೋಬರ್ 19, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿಯ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿನ ಪಂದ್ಯ 1-1 ಆಗಿತ್ತು, ಇಲ್ಲಿ ಮೊದಲ ಗೋಲು ಅವರದೇ. ಆಮೇಲೆ ಛೆಟ್ರಿಯ ಎರಡು, ಹುವಾನನ್‌ನ ಒಂದು ಗೋಲು, 3-1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು. 2023ರ ಜುಲೈ 4ರಂದು ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತ ಕುವೈತನ್ನು ಪೆನಾಲ್ಟಿಗಳಲ್ಲಿ ಮಣಿಸಿದ್ದೂ ಇಲ್ಲೇ. ಈ ಎರಡು ಪಂದ್ಯಗಳ ಮುಂದೆ ‘ಕಂಠೀರವಕ್ಕೆ ಜೀವವಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಹೊಸಬರು ಮರೆಯಬಾರದ ಇನ್ನೊಂದು ಪಾಠಕ್ಕೆ 2023ರ ಮಾರ್ಚ್ 3ರ ರಾತ್ರಿಯನ್ನು ಉದಾಹರಣೆ ಕೊಡುತ್ತೇನೆ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ ಆರನೇ ನಿಮಿಷಕ್ಕೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟುವ ತಯಾರಿಯಲ್ಲಿತ್ತು, ಗೋಲ್‌ಕೀಪರ್ ತನ್ನ ಜಾಗದಲ್ಲಿರಲಿಲ್ಲ. ಛೆಟ್ರಿ ಕಾಯಲಿಲ್ಲ, ಚೆಂಡನ್ನು ಗೋಲಿಗೆ ಎತ್ತಿಬಿಟ್ಟರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಹೊರಗೆ ಕರೆದುಕೊಂಡರು, ಪಂದ್ಯ ಬೆಂಗಳೂರಿನ ಪಾಲಾಯಿತು. ಅದು ನ್ಯಾಯವೇ ಎಂಬ ಜಗಳ ಕೇರಳದವರೊಂದಿಗೆ ಇನ್ನೂ ಇದೆ, ನನ್ನ ಮಟ್ಟಿಗೆ ಅದು ಎಚ್ಚರದ ಗೋಲು. ನಾನು ಹೇಳಬೇಕಾದದ್ದು ಇಷ್ಟು: ಸೀಟಿ ಊದಿ ಆಟ ನಿಂತ ಕ್ಷಣ ಫೋನ್ ತೆಗೆಯಬೇಡಿ. ಚೆಂಡು ಸುಮ್ಮನಿದ್ದಾಗ ಯಾರು ಯಾರನ್ನು ನೋಡುತ್ತಿದ್ದಾರೆ, ಯಾರು ಬೆನ್ನು ತೋರಿಸಿದ್ದಾರೆ ನೋಡಿ. ಫುಟ್‌ಬಾಲಿನ ಬಹಳಷ್ಟು ಕಳ್ಳತನ ಆಗಲೇ ನಡೆಯುವುದು. (ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಎತ್ತಿತು. ಎಂಥ ಎರಡು ದಿನಗಳು!)

ನಮ್ಮ ಊರುಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಜಿಲ್ಲಾ ಕ್ರೀಡಾಂಗಣ, ತಾಲ್ಲೂಕು ಕ್ರೀಡಾಂಗಣ ಎಂದರೆ ಸಾಮಾನ್ಯವಾಗಿ ಒಂದೇ ನಕ್ಷೆ: ಸುತ್ತ ಓಟದ ಪಥ, ಒಂದು ಬದಿಗೆ ಮೆಟ್ಟಿಲ ಗ್ಯಾಲರಿ, ನಡುವೆ ಉಳಿದೆಲ್ಲ ಆಟ. ಓಟಗಾರರಿಗೆ ಅದು ಬೇಕೇ ಬೇಕು. ಆದರೆ ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಫುಟ್‌ಬಾಲ್ ಬೇರು ಬಿಡಬೇಕಾದರೆ ಬೇರೆಯದೇ ಒಂದು ಸಣ್ಣ ಅಂಕಣ ಬೇಕು, ಗೆರೆಯಿಂದ ನಾಲ್ಕು ಮೀಟರಿಗೆ ಐದಾರು ಮೆಟ್ಟಿಲು ಸಾಕು. ಇಪ್ಪತ್ತೈದು ಸಾವಿರ ಆಸನ ಯಾರಿಗೂ ಬೇಡ. ಇನ್ನೂರು ಜನ ಹತ್ತಿರ ಕೂತು ‘ಮ್ಯಾನ್ ಆನ್’ ಕೇಳಿಸಿಕೊಳ್ಳುವಂತಾದರೆ, ಅವರಲ್ಲಿ ಹತ್ತು ಮಕ್ಕಳು ಮರುದಿನ ಚೆಂಡು ಹುಡುಕುತ್ತಾರೆ.

ಮೊದಲ ಪಂದ್ಯ ಅಶೋಕನಗರದಲ್ಲಿ, ಎರಡನೆಯದು ಕಂಠೀರವದಲ್ಲಿ ನೋಡಿ. ಕಂಠೀರವದಲ್ಲಿ ಆಟ ಶುರುವಾಗಿ ಕಾಲು ಗಂಟೆಯಾದ ಮೇಲೆ ಒಬ್ಬ ಆಟಗಾರನನ್ನು ಆರಿಸಿಕೊಂಡು ಐದು ನಿಮಿಷ ಅವನನ್ನು ಮಾತ್ರ ನೋಡಿ, ಚೆಂಡು ಎಲ್ಲಿದ್ದರೂ ಸರಿ. ಸ್ಟ್ರೈಕರನನ್ನು ಆರಿಸಬೇಡಿ. ರಕ್ಷಕರ ಮುಂದೆ ನಿಂತು ಆಡುವ ನಡುಮೈದಾನದವನು ಒಳ್ಳೆಯ ಆಯ್ಕೆ. ಪಾಸ್ ಬರುವ ಮುನ್ನ ಅವನು ಹೆಗಲ ಮೇಲಿಂದ ಹಿಂದಕ್ಕೆ ಎಷ್ಟು ಸಲ ತಿರುಗಿ ನೋಡುತ್ತಾನೆ, ಎಣಿಸಿ.