ಕಾನ್ಫಿಗರ್ ಸ್ಕ್ರಿಪ್ಟ್ ಗಿಟ್‌ನಲ್ಲೇ ಇರಲಿ

ಯಂತ್ರ ಹುಟ್ಟಿಸಿದ ಕಡತವನ್ನು ಕಮಿಟ್ ಮಾಡಬಾರದು ಎಂಬುದು ಮುಕ್ತ ತಂತ್ರಾಂಶದ ಕೆಲಸಕ್ಕೆ ಬಂದವರಿಗೆಲ್ಲ ಮೊದಲು ಹೇಳಿಕೊಡುವ ಪಾಠ. ಆಬ್ಜೆಕ್ಟ್ ಕಡತಗಳ ಮಟ್ಟಿಗೆ, ಅವರವರ ಗಣಕದಲ್ಲಷ್ಟೇ ಅರ್ಥವಿರುವ ಮೇಕ್‌ಫೈಲ್‌ಗಳ ಮಟ್ಟಿಗೆ ನನ್ನದೇನೂ ತಕರಾರಿಲ್ಲ. ಆಟೊಕಾನ್ಫ್ ತಯಾರಿಸುವ ಕಾನ್ಫಿಗರ್ ಸ್ಕ್ರಿಪ್ಟಿಗೂ ಅದೇ ಪಾಠ ಒಪ್ಪಿಸುವುದು ಮಾತ್ರ ತಪ್ಪು, ಅಪಾಯ ಕೂಡ.

ಈ ಸ್ಕ್ರಿಪ್ಟ್ ಇರುವುದೇ ಬಳಕೆದಾರರಿಗಾಗಿ. ಅವರ ಬಳಿ ಆಟೊಕಾನ್ಫ್, ಎಂ4 ಯಾವುದೂ ಇರಬೇಕಿಲ್ಲ, ಶೆಲ್ ಇದ್ದರೆ ಸಾಕು. ಹಾಗಾಗಿ ಗಿಟ್‌ನಿಂದ ಹೊರಗಿಟ್ಟ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಬಿಡುಗಡೆಯ ಟಾರ್‌ಬಾಲ್ ಸೇರಿಕೊಳ್ಳುತ್ತದೆ. ಆ ಟಾರ್‌ಬಾಲ್ ಎಷ್ಟೋ ಯೋಜನೆಗಳಲ್ಲಿ ನಿರ್ವಾಹಕರೊಬ್ಬರ ಸ್ವಂತ ಗಣಕದಲ್ಲಿ ತಯಾರಾಗುತ್ತದೆ. ಗಿಟ್‌ನಲ್ಲಿ ಇಲ್ಲದ್ದು ಅದರಲ್ಲಿ ಕಂಡರೂ ಯಾರಿಗೂ ಅನುಮಾನ ಬರುವುದಿಲ್ಲ, ಅದು ಮಾಮೂಲು ಎಂದು ಒಪ್ಪಿಕೊಂಡಾಗಿದೆ.

ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದೊಳಗೆ ಹಿಂಬಾಗಿಲು ನುಸುಳಿಸಿದ ಪ್ರಕರಣದಲ್ಲಿ ಈ ಒಪ್ಪಿಗೆಯೇ ದಾಳಿಗೆ ದಾರಿಯಾಯಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲಿನ ಕೋಡು ಪರೀಕ್ಷಾ ಕಡತಗಳ ವೇಷದಲ್ಲಿ ಗಿಟ್‌ನಲ್ಲೇ ಇತ್ತು. ಅದನ್ನು ಬಿಚ್ಚಿ ಓಡಿಸುವ ಸಾಲು ಇದ್ದದ್ದು ಮಾತ್ರ ಟಾರ್‌ಬಾಲಿನೊಳಗಿನ, ಕಾನ್ಫಿಗರ್ ಹುಟ್ಟಿಸಲು ಬಳಸುವ ಒಂದು ಎಂ4 ಕಡತದಲ್ಲಿ. ಕಮಿಟ್ ಮಾಡುವ ಹಕ್ಕು ಕೈಯಲ್ಲಿದ್ದ ದಾಳಿಕೋರ ಆ ತುಣುಕನ್ನು ಗಿಟ್‌ಗೆ ಹಾಕಲಿಲ್ಲ. ಡಿಫ್ ಓದುವವರ ಕಣ್ಣಿಗೆ ಅವನು ಹೆದರಿದ್ದನೆಂದೇ ನಾನು ತಿಳಿಯುತ್ತೇನೆ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ತಂತ್ರಾಂಶ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್ ಬೆನ್ನುಹತ್ತಿದ್ದರಿಂದ 2024ರ ಮಾರ್ಚ್ 29ರಂದು ಸಂಗತಿ ಬಯಲಾಯಿತು. ಬಳಕೆದಾರರು ಕಾನ್ಫಿಗರನ್ನು ತಾವೇ ಹೊಸದಾಗಿ ಹುಟ್ಟಿಸಿಕೊಂಡರೆ ಸಾಲದೇ ಎನ್ನುವವರಿದ್ದಾರೆ. ಸಾಲದು: ಟಾರ್‌ಬಾಲಿನ ಎಂ4 ಕಡತವೇ ಕೆಟ್ಟಿದ್ದರೆ ಅದರಿಂದ ಹುಟ್ಟುವ ಹೊಸ ಸ್ಕ್ರಿಪ್ಟೂ ಕೆಟ್ಟದ್ದೇ.

ಫ್ರಾಯಿಂಡ್ ಕೆಲಸ ಮಾಡುವ ಪೋಸ್ಟ್‌ಗ್ರೆಸ್ ಯೋಜನೆ ಕಾನ್ಫಿಗರನ್ನು ಗಿಟ್‌ನಲ್ಲೇ ಇಟ್ಟುಕೊಂಡಿದೆ. ಜಿಸಿಸಿಯೂ ಹಾಗೆಯೇ, ಆಟೊಕಾನ್ಫ್ 2.69ನ್ನೇ ಬಳಸಬೇಕೆಂಬ ಕಟ್ಟಳೆ ಅಲ್ಲಿದೆ. ಸಿಪೈಥಾನ್ ಇನ್ನೂ ಒಂದು ಹೆಜ್ಜೆ ಮುಂದೆ: ಸ್ಕ್ರಿಪ್ಟನ್ನು ಮತ್ತೆ ಹುಟ್ಟಿಸಿ, ಕಮಿಟ್ ಆಗಿರುವುದಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ಅದರ ಸ್ವಯಂಚಾಲಿತ ಪರೀಕ್ಷೆ ನೋಡುತ್ತದೆ. ನನ್ನ ವಾದದ ಜೀವ ಇರುವುದು ಈ ತಾಳೆಯಲ್ಲಿ. ಅದಿಲ್ಲದೆ ಬರೀ ಕಮಿಟ್ ಮಾಡಿದರೆ, ಯಾರೂ ಓದದ ಸಾವಿರಾರು ಸಾಲುಗಳಲ್ಲಿ ಏನು ಬೇಕಾದರೂ ಅವಿತುಕೊಳ್ಳಬಹುದು.

ಡಿಫ್ ತುಂಬ ಗದ್ದಲ ಎಂಬ ದೂರು ಸುಳ್ಳಲ್ಲ. ಡೆಬಿಯನ್ ತಿದ್ದಿಕೊಂಡ ಆಟೊಕಾನ್ಫ್ 2.69 ಬಳಸಿದರೆ, ಮೂಲ 2.69 ಕೊಡದ ‘ರನ್‌ಸ್ಟೇಟ್‌ಡಿರ್’ ಸಾಲುಗಳು ಸ್ಕ್ರಿಪ್ಟಿನಲ್ಲಿ ಬಂದು ಕೂರುತ್ತವೆ. ಆದರೆ ಇಬ್ಬರ ಸಲಕರಣೆ ಒಂದೇ ಅಲ್ಲ ಎಂಬ ಸುದ್ದಿ ನಮಗೆ ಸಿಗುವುದು ಆ ಗದ್ದಲದಿಂದಲೇ. ಕಡತವನ್ನು ಕಾಣದಂತೆ ಇಟ್ಟರೆ ವ್ಯತ್ಯಾಸ ಉಳಿಯುತ್ತದೆ, ಸುದ್ದಿ ಹೋಗುತ್ತದೆ. ಮರ್ಜ್ ಸಂಘರ್ಷವಂತೂ ದೊಡ್ಡ ತಲೆನೋವಲ್ಲ. ಕೈಯಿಂದ ತಿದ್ದಲು ಹೋಗದೆ ಮತ್ತೆ ಹುಟ್ಟಿಸಿದರಾಯಿತು.

ಇಷ್ಟು ಮಾಡಲು ಕೈಲಾಗದ ಸಣ್ಣ ಯೋಜನೆಗಳು ಗಿಟ್‌ನಲ್ಲಿ ಇರುವುದನ್ನಷ್ಟೇ ಟಾರ್‌ಬಾಲ್ ಮಾಡಿ ಹಂಚಲಿ, ಆಟೊಕಾನ್ಫ್ ಹಾಕಿಕೊಳ್ಳಿ ಎಂದು ಬಳಕೆದಾರರಿಗೆ ನೇರವಾಗಿ ಹೇಳಲಿ. ಗಿಟ್‌ನಲ್ಲಿ ಇರದ, ಟಾರ್‌ಬಾಲಿನಲ್ಲಿ ಮಾತ್ರ ಬರುವ ಕಡತವನ್ನು ನಾವು ಇನ್ನು ಒಪ್ಪಬಾರದು.